ಡಿಸ್ನಿ ಲೋಕದಿಂದ ಮಗು ಏನನ್ನು ಕೂಡಿಸಿ ತರಬೇಕು?

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳಲ್ಲಿ ಈಗ ಒಂದು ರೂಢಿಯೇ ಆಗಿಬಿಟ್ಟಿದೆ. ರಜೆ ಬಂತೆಂದರೆ ಇಲ್ಲಿಂದ ಅಜ್ಜ-ಅಜ್ಜಿ ಹೊರಡುತ್ತಾರೆ. ಅನುಕೂಲವಿದ್ದರೆ ಇಲ್ಲಿನ ಮೊಮ್ಮಕ್ಕಳೂ ಜೊತೆಗೂಡುತ್ತಾರೆ. ನಯಾಗರ ನೋಡಿಯಾದ ಮೇಲೆ ಎಲ್ಲರ ಸವಾರಿ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ಕಡೆಗೆ. ಅಲ್ಲಿ 1971ರ ಅಕ್ಟೋಬರ್ 1ರಂದು ಆರಂಭವಾದ ವಾಲ್ಟ್ ಡಿಸ್ನಿ ವರ್ಲ್ಡ್ ಇದೆ. ಈಗ ಅದರೊಳಗೆ ನಾಲ್ಕು ದೊಡ್ಡ ಉದ್ಯಾನಗಳು. ಮೂರು ನಾಲ್ಕು ದಿನ ತಿರುಗಿದರೂ ಮುಗಿಯದಷ್ಟು ಆಟ, ನೋಟ.

ಹೊರಡುವ ಮೊದಲು ಇಂಥ ಮನೆಯವರು ನನ್ನ ಬಳಿ ಬರುವುದು ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ಬರೆಸಿಕೊಳ್ಳಲು. ಮಕ್ಕಳು ಅಲ್ಲಿಂದ ನೆನಪಿಗಾಗಿ ಏನು ತಂದರೆ ಒಳ್ಳೆಯದು ಎಂದು ಯಾರೂ ವೈದ್ಯರನ್ನು ಕೇಳುವುದಿಲ್ಲ. ಅದೂ ಕೇಳಬೇಕಾದ ಪ್ರಶ್ನೆಯೇ ಎಂದು ನನಗೆ ಮನವರಿಕೆಯಾದದ್ದು ಒಂದು ಸಂಜೆ.

ಒಂದೂವರೆ ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ತಾಯಿ ಬಂದಿದ್ದರು. ಬೆಳಗಿನಿಂದ ಮಗು ಒಂದೇ ಸಮನೆ ಜೊಲ್ಲು ಸುರಿಸುತ್ತಿತ್ತು. ಇಡ್ಲಿ ಬಾಯಿಗಿಟ್ಟರೆ ಉಗುಳುತ್ತಿತ್ತು. ಜ್ವರವಿಲ್ಲ, ಕೆಮ್ಮಿಲ್ಲ. "ಹಲ್ಲು ಬರ್ತಿರಬೇಕು ಅಲ್ವಾ ಡಾಕ್ಟ್ರೇ?" ಎಂದರು ತಾಯಿ. ಪಕ್ಕದಲ್ಲಿ ಏಳು ವರ್ಷದ ಅಣ್ಣ ನಿಂತಿದ್ದ. ಹಿಂದಿನ ವಾರವಷ್ಟೇ ಚಿಕ್ಕಪ್ಪನ ಊರಾದ ಅಮೆರಿಕದಿಂದ ಬಂದವನು. ಅವನು ಮೆಲ್ಲಗೆ ಹೇಳಿದ: "ಅಮ್ಮ, ನನ್ನ ಡಬ್ಬೀಲಿ ಒಂದು ಪೆನ್ನಿ ಕಮ್ಮಿ ಇದೆ."

ಎಕ್ಸ್-ರೇ ತೆಗೆಸಿದಾಗ ಅನ್ನನಾಳದ ಮೇಲ್ಭಾಗದಲ್ಲಿ ದುಂಡನೆಯ ನಾಣ್ಯ ಕಾಣಿಸಿತು. ಅದೇ ರಾತ್ರಿ ದೊಡ್ಡ ಆಸ್ಪತ್ರೆಯಲ್ಲಿ ದೂರ್ಬೀನಿನ ನಳಿಕೆ ಇಳಿಸಿ ತೆಗೆದರು. ಮಗು ಗುಣವಾಯಿತು. ಅಣ್ಣ ಮಾತ್ರ ತನ್ನಿಂದಲೇ ಹೀಗಾಯಿತೆಂದು ಎರಡು ದಿನ ಊಟ ಬಿಟ್ಟಿದ್ದನಂತೆ. ಅವನದೇನೂ ತಪ್ಪಿಲ್ಲ. ಹಿರಿಯರು ಏಳು ವರ್ಷದವನಿಗೆ ಸರಿಹೊಂದುವ ಹವ್ಯಾಸವನ್ನೇ ಆರಿಸಿಕೊಟ್ಟಿದ್ದರು. ಮನೆಯಲ್ಲಿ ಅಂಬೆಗಾಲಿಡುವವಳೊಬ್ಬಳು ಇದ್ದಾಳೆಂಬುದು ಮರೆತುಹೋಗಿತ್ತು, ಅಷ್ಟೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ. ಸಂಗ್ರಹ ಯಾವ ಮಗುವಿನದೇ ಆಗಿರಲಿ, ಏನನ್ನು ಸಂಗ್ರಹಿಸಬೇಕು ಎಂಬ ಆಯ್ಕೆ ಮನೆಯ ಅತಿ ಚಿಕ್ಕ ಮಗುವನ್ನು ನೋಡಿ ಆಗಬೇಕು.

ಕೂಡಿಸುವುದು ಒಳ್ಳೆಯ ಅಭ್ಯಾಸವೇ

ಹಾಗೆಂದು ಏನನ್ನೂ ತರಕೂಡದೆಂದು ನಾನು ಹೇಳುತ್ತಿಲ್ಲ. ಐದಾರು ವರ್ಷ ದಾಟಿದ ಮಕ್ಕಳಿಗೆ ಕೂಡಿಸುವ ಆಸೆ ಸಹಜ. ಹಿಂದೆ ನಾವು ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ, ನವಿಲುಗರಿ ಕೂಡಿಡುತ್ತಿದ್ದೆವು. ಎಣಿಸುವುದು, ಜೋಡಿಸುವುದು, ಕಾಯುವುದು, ಅಪರಿಚಿತರೊಡನೆ ಮರ್ಯಾದೆಯಿಂದ ಮಾತನಾಡುವುದು ಇವೆಲ್ಲ ಅದರಿಂದ ತಾನಾಗಿಯೇ ಬರುತ್ತವೆ.

ಇನ್ನೊಂದು ಲಾಭವೂ ಉಂಟು. ಅಲ್ಲಿ ಹಲವು ಆಟಗಳಿಂದ ಹೊರಬರುವ ದಾರಿ ನೇರವಾಗಿ ಅಂಗಡಿಯೊಳಗೇ ಹಾಯುತ್ತದೆ. ದಣಿದ ಮಗು ಕಂಡದ್ದನ್ನೆಲ್ಲ ಕೇಳಿ ಹಠ ಹಿಡಿಯುತ್ತದೆ. "ನಾವು ಕೂಡಿಸುವುದು ಇದೊಂದನ್ನೇ, ದಿನಕ್ಕೆ ಇಷ್ಟೇ" ಎಂದು ಮನೆಯಲ್ಲೇ ತೀರ್ಮಾನವಾಗಿದ್ದರೆ ಮಗುವಿಗೂ ನೆಮ್ಮದಿ, ತಂದೆಯ ಜೇಬಿಗೂ ನೆಮ್ಮದಿ. ಏನನ್ನು ಕೂಡಿಸುವುದು ಎಂಬುದೇ ಈಗಿನ ಪ್ರಶ್ನೆ.

ಒಂದೂಕಾಲು ಇಂಚಿನ ಅಳತೆ

ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳು ಲೋಕವನ್ನು ಅರಿಯುವುದು ಬಾಯಿಂದ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ನಾಣ್ಯ, ಗುಂಡಿ, ಬ್ಯಾಟರಿ ನುಂಗಿ ಆಸ್ಪತ್ರೆ ಸೇರುವವರಲ್ಲಿ ಈ ವಯಸ್ಸಿನವರೇ ಹೆಚ್ಚು.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಅಮೆರಿಕದಲ್ಲಿ ಒಂದು ಸಣ್ಣ ಕೊಳವೆಯನ್ನು ಬಳಸುತ್ತಾರೆ. ಅದರ ಬಾಯಿಯ ಅಗಲ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಆ ವಯಸ್ಸಿನವರಿಗೆ ಅಪಾಯಕಾರಿ ಎಂದು ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಅದಕ್ಕಿಂತ ಒಂದಿಷ್ಟು ದೊಡ್ಡದಾದ ರಂಧ್ರವನ್ನು ರಟ್ಟಿನಲ್ಲಿ ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ. ಕೊಳ್ಳುವ ಮುನ್ನ ವಸ್ತುವನ್ನು ಅದರಲ್ಲಿ ತೂರಿಸಿ ನೋಡಿ. ತೂರಿದರೆ, ಮನೆಯಲ್ಲಿ ಚಿಕ್ಕ ಮಗುವಿದ್ದಾಗ ಅದು ಬೇಡ. ಮಗುವಿನ ಅಕ್ಕನಿಗಾಗಿ ಕೊಂಡರೂ ಅಷ್ಟೆ.

ಇನ್ನು ಅಲ್ಲಿ ಮಕ್ಕಳು ಸಾಮಾನ್ಯವಾಗಿ ಕೂಡಿಸುವ ವಸ್ತುಗಳನ್ನು ಒಂದೊಂದಾಗಿ ನೋಡೋಣ.

ಒತ್ತಿದ ಪೆನ್ನಿ

ಒಂದು ಸೆಂಟಿನ ನಾಣ್ಯಕ್ಕೆ ಅಮೆರಿಕದಲ್ಲಿ ಪೆನ್ನಿ ಎನ್ನುತ್ತಾರೆ. ಅದನ್ನು ಯಂತ್ರದ ಎರಡು ಉರುಳೆಗಳ ನಡುವೆ ಹಾಯಿಸಿದರೆ ನಾಣ್ಯ ಉದ್ದುದ್ದವಾಗಿ ಹಿಗ್ಗಿ, ಮೇಲೊಂದು ಚಿತ್ರ ಮೂಡುತ್ತದೆ. 1893ರಲ್ಲಿ ಶಿಕಾಗೊದಲ್ಲಿ ನಡೆದ ವಿಶ್ವ ಪ್ರದರ್ಶನದ ಕಾಲದಿಂದಲೂ ಅಲ್ಲಿ ಈ ಹವ್ಯಾಸವಿದೆ. ಡಿಸ್ನಿ ಉದ್ಯಾನಗಳಲ್ಲಿ ಬೇರೆ ಬೇರೆ ಚಿತ್ರದ ಯಂತ್ರಗಳು ಅಲ್ಲಲ್ಲಿ ನಿಂತಿವೆ. ಯಂತ್ರ ಹುಡುಕುವುದೇ ಮಕ್ಕಳಿಗೊಂದು ಆಟ. ಖರ್ಚು ಕಡಿಮೆ, ಪೆಟ್ಟಿಗೆಯಲ್ಲಿ ಜಾಗವೂ ಕಡಿಮೆ. ಪೆನ್ನಿಯನ್ನು ಅಚ್ಚು ಹಾಕುವುದು 2025ರ ನವೆಂಬರ್‌ನಲ್ಲಿ ನಿಂತಿತು. ಹಳೆಯ ನಾಣ್ಯಗಳು ಚಲಾವಣೆಯಲ್ಲಿವೆ.

ತೊಂದರೆ ಇರುವುದು ಪೆನ್ನಿಯ ಒಳಗೆ. 1982ಕ್ಕೆ ಮೊದಲಿನ ಪೆನ್ನಿಯಲ್ಲಿ ನೂರಕ್ಕೆ 95 ಭಾಗ ತಾಮ್ರ. ಆ ವರ್ಷ ಅದನ್ನು ಬದಲಾಯಿಸಿದರು. ನಂತರದ ಪೆನ್ನಿಯಲ್ಲಿ ನೂರಕ್ಕೆ 97.5 ಭಾಗ ಸತು, ಮೇಲೆ ತಾಮ್ರದ ತೆಳು ಲೇಪ ಮಾತ್ರ. ನಮ್ಮ ಒಂದು ರೂಪಾಯಿ ನಾಣ್ಯ ತುಕ್ಕು ಹಿಡಿಯದ ಉಕ್ಕಿನದು. ಹೊಟ್ಟೆ ಸೇರಿದರೂ ಕರಗುವುದಿಲ್ಲ. ಆದರೆ ಸತು ಜಠರದ ಆಮ್ಲದಲ್ಲಿ ಕರಗತೊಡಗುತ್ತದೆ. ಆಗ ಹುಟ್ಟುವ ಲವಣ ಜಠರದ ಒಳಪೊರೆಯನ್ನು ಕೊರೆದು ಹುಣ್ಣು ಮಾಡಬಲ್ಲುದು. ಯಂತ್ರದಲ್ಲಿ ಒತ್ತಿದಾಗ ತಾಮ್ರದ ಲೇಪ ಹಿಗ್ಗಿ ಒಳಗಿನ ಸತು ಬೆಳ್ಳಗಿನ ಗೀರುಗಳಾಗಿ ಹೊರಗಿಣುಕುವುದೂ ಉಂಟು. ಅನುಭವಿ ಸಂಗ್ರಾಹಕರು 1982ಕ್ಕೆ ಮುಂಚಿನ ಪೆನ್ನಿಯನ್ನೇ ಹುಡುಕುವುದು ಈ ಗೀರು ಬೀಳದಿರಲೆಂದು. ಆರೋಗ್ಯದ ದೃಷ್ಟಿಯಿಂದಲೂ ಅದು ಜಾಣತನವೇ.

ಆರು ವರ್ಷ ದಾಟಿದ ಮಗುವಿಗೆ ಇದು ಒಳ್ಳೆಯ ಸಂಗ್ರಹ. ಎರಡು ಎಚ್ಚರಿಕೆ ಸಾಕು. ಒತ್ತಿದ ಪೆನ್ನಿಗಳನ್ನು ಜೇಬುಗಳಿರುವ ಪುಸ್ತಕದಲ್ಲಿ ಆಗಿಂದಾಗಲೇ ಸೇರಿಸಿಬಿಡಿ. ಒತ್ತಲೆಂದು ತೆಗೆದಿಟ್ಟು ಉಳಿದ ಪೆನ್ನಿಗಳನ್ನು ಊರಿಗೆ ತರಬೇಡಿ. ನಾನು ಕಂಡ ಮಗು ನುಂಗಿದ್ದು ಇಂಥ ಉಳಿದ ಪೆನ್ನಿಯನ್ನೇ. ಅದರ ಅಗಲ 19 ಮಿ.ಮೀ. ಮಾತ್ರ.

ಪಿನ್ನುಗಳ ವಿನಿಮಯ

ಬಣ್ಣದ ಲೋಹದ ಪಿನ್ನುಗಳನ್ನು ಕೊರಳ ಪಟ್ಟಿಗೆ ಚುಚ್ಚಿಕೊಂಡು, ಅಲ್ಲಿನ ನೌಕರರೊಡನೆ ಅದಲು ಬದಲು ಮಾಡಿಕೊಳ್ಳುವ ಆಟವಿದು. ಡಿಸ್ನಿ ವರ್ಲ್ಡ್‌ನಲ್ಲಿ 1999ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಒಂದು ಕೊಟ್ಟು ಒಂದು ಪಡೆಯಬೇಕು. ಎದುರಿನವರ ಪಿನ್ನನ್ನು ತಾವಾಗಿ ಮುಟ್ಟಬಾರದು. ಕೇಳಿ ಪಡೆಯಬೇಕು. ನಾಚಿಕೆ ಸ್ವಭಾವದ ಮಗುವಿಗೆ ಇದು ಒಳ್ಳೆಯ ಪಾಠ.

ಆದರೆ ಪಿನ್ನಿನ ಹಿಂದೆ ಚೂಪಾದ ಮೊಳೆಯಿದೆ. ಅದನ್ನು ಹಿಡಿದಿಡುವ ರಬ್ಬರಿನ ಬಿರಟೆ ಕಡಲೆಕಾಳಿಗಿಂತ ತುಸು ದೊಡ್ಡದು. ಸುಲಭವಾಗಿ ಕಳಚಿ ಬೀಳುತ್ತದೆ. ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಗಾತ್ರ. ಆದ್ದರಿಂದ ಎಂಟು ವರ್ಷದ ಕೆಳಗಿನವರಿಗೆ ಈ ಆಟ ಬೇಡ. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ದೊಡ್ಡವರಿಗೂ ಬೇರೆ ಸಂಗ್ರಹವೇ ಮೇಲು.

ಕೊರಳ ಪಟ್ಟಿ ಎಳೆದ ಕೂಡಲೇ ಬಿಚ್ಚಿಕೊಳ್ಳುವ ಬಗೆಯದಾಗಿರಲಿ. ಆಟದ ಬಂಡಿ ಏರುವಾಗ, ಮಲಗುವಾಗ ಅದು ಕೊರಳಲ್ಲಿ ಇರಲೇಬಾರದು. ಕಿವಿಯೋಲೆಗೆ, ಗಡಿಯಾರದ ಪಟ್ಟಿಗೆ ನವೆಯಾಗುವ ಮಕ್ಕಳಿಗೆ ನಿಕಲ್ ಲೋಹ ಆಗದಿರಬಹುದು. ಅಂಥವರು ಪಿನ್ನನ್ನು ಚರ್ಮಕ್ಕೆ ತಾಗದಂತೆ ಚೀಲಕ್ಕೆ ಚುಚ್ಚಿಕೊಳ್ಳಲಿ.

ಅಗ್ಗಕ್ಕೆ ಸಿಗುತ್ತದೆಂದು ಎಲ್ಲೆಲ್ಲಿಂದಲೋ ರಾಶಿ ಪಿನ್ನು ತರಿಸಿಕೊಳ್ಳುವವರಿದ್ದಾರೆ. ಅವುಗಳಲ್ಲಿ ನಕಲಿ ಮಾಲು ಬಹಳ. ಯಾವ ಲೋಹ, ಯಾವ ಬಣ್ಣ ಎಂದು ಕೊಂಡವರಿಗೆ ತಿಳಿಯುವ ಬಗೆಯಿಲ್ಲ. 2006ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾಲ್ಕು ವರ್ಷದ ಮಗುವೊಂದು ಕೈಬಳೆಯಿಂದ ಕಳಚಿದ ಹೃದಯಾಕಾರದ ಪದಕ ನುಂಗಿ ಸತ್ತಿತು. ಪರೀಕ್ಷಿಸಿದಾಗ ಆ ಪದಕ ಬಹುಪಾಲು ಸೀಸವೇ ಆಗಿತ್ತು. ಅದು ಶೂ ಜೊತೆ ಪುಕ್ಕಟೆ ಬಂದದ್ದು. ಮಕ್ಕಳ ವಸ್ತುಗಳಲ್ಲಿ ಸೀಸಕ್ಕೆ ಬಿಗಿಯಾದ ಮಿತಿ ಹಾಕುವ ಕಾನೂನು 2008ರಲ್ಲಿ ಅಲ್ಲಿ ಬಂತು. ಹೆಸರಿಲ್ಲದ ಮಾಲು ಕಾನೂನು ಪಾಲಿಸಿದೆಯೆಂದು ನಂಬುವುದು ಹೇಗೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ಸಹಿ ಪುಸ್ತಕ

ಮಿಕ್ಕಿ, ಮಿನ್ನಿ, ಡೊನಾಲ್ಡ್ ಮುಂತಾದ ವೇಷಧಾರಿಗಳು ಮಕ್ಕಳ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮೂರರಿಂದ ಏಳು ವರ್ಷದ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ನುಂಗುವ ವಸ್ತು ಇಲ್ಲ, ಚುಚ್ಚುವ ವಸ್ತು ಇಲ್ಲ. ಇಲ್ಲಿಂದಲೇ ಒಂದು ದಪ್ಪ ರಟ್ಟಿನ ನೋಟುಪುಸ್ತಕ ಕೊಂಡೊಯ್ದರೂ ಆಯಿತು. ವೇಷಧಾರಿಗಳ ಕೈಗವಸು ದಪ್ಪ. ಆದ್ದರಿಂದ ಪೆನ್ನೂ ದಪ್ಪಗಿರಲಿ. ಪೆನ್ನಿನ ಮುಚ್ಚಳ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಎರಡು ಮೂರು ವರ್ಷದ ಕೆಲವು ಮಕ್ಕಳು ಆಳೆತ್ತರದ ಇಲಿಯನ್ನು ಕಂಡು ಕಿಟಾರನೆ ಕಿರುಚಿಕೊಳ್ಳುತ್ತಾರೆ. ಇದು ಆ ವಯಸ್ಸಿಗೆ ಸಹಜ. ದುಡ್ಡು ಕೊಟ್ಟು ಬಂದಿದ್ದೇವೆಂದು ಮಗುವನ್ನು ಮುಂದೆ ತಳ್ಳಬೇಡಿ. ದೂರದಿಂದ ಕೈಬೀಸಿದರೆ ಸಾಕು. ಅಕ್ಕನೋ ಅಣ್ಣನೋ ಸಹಿ ತಂದುಕೊಡಲಿ.

ಮಿನುಗುವ ಆಟಿಕೆ, ಅಯಸ್ಕಾಂತ, ಬಲೂನು

ಕತ್ತಲಾದ ಮೇಲೆ ಇಂಥ ಉದ್ಯಾನಗಳಲ್ಲಿ, ನಮ್ಮ ಜಾತ್ರೆಗಳಲ್ಲಿರುವಂತೆಯೇ, ಮಿನುಗುವ ಆಟಿಕೆಗಳ ಮಾರಾಟ ಜೋರು. ನಾನು ಬಹಳ ಹೆದರುವುದು ಇವುಗಳಿಗೆ. ಮಿನುಗುವ ಚಿಕ್ಕ ಆಟಿಕೆ, ಉಂಗುರ, ಬಳೆಗಳಲ್ಲಿ ಎಷ್ಟೋ ಸಲ ಗುಂಡಿಯಾಕಾರದ ಚಪ್ಪಟೆ ಬ್ಯಾಟರಿ ಇರುತ್ತದೆ. ಅದರಲ್ಲೂ 20 ಮಿ.ಮೀ. ಅಗಲದ್ದು ಘೋರ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಅನ್ನನಾಳ ಸುಡತೊಡಗುತ್ತದೆ. ಗಾಯ ಆಳಕ್ಕಿಳಿದು ರಕ್ತನಾಳ ತೂತಾಗಿ, ದಿನಗಳ ಬಳಿಕ ಮಗು ಸತ್ತ ಉದಾಹರಣೆಗಳೂ ಇವೆ. ಬೆಳಕು ಬಾರದ ಹಳೆಯ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ಮಿನುಗುವುದೇ ಬೇಕೆಂದರೆ ಬ್ಯಾಟರಿಯ ಬಾಗಿಲಿಗೆ ತಿರುಪುಮೊಳೆ ಇದೆಯೇ ನೋಡಿ. ಉಗುರಿನಿಂದ ತೆರೆಯುವಂತಿದ್ದರೆ ಬೇಡವೇ ಬೇಡ. ಊರಿಗೆ ಹೊರಡುವ ಮುನ್ನ ಬ್ಯಾಟರಿ ತೆಗೆಸಿಬಿಡಿ.

ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಬೊಂಬೆ ಅಜ್ಜಿಯರಿಗೆ ಇಷ್ಟ. ದೊಡ್ಡದಾದ, ಚಪ್ಪಟೆ ಹಾಳೆಯಂಥದ್ದು ಅಷ್ಟು ಅಪಾಯವಲ್ಲ. ಬೊಂಬೆಯ ಬೆನ್ನಿಗೆ ಪುಟ್ಟ ಬಿಲ್ಲೆ ಅಂಟಿಸಿದ್ದು ಬೇಡ. ಎರಡು ಬಲವಾದ ಬಿಲ್ಲೆಗಳನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳಿಂದ ಒಂದನ್ನೊಂದು ಸೆಳೆದು, ನಡುವಿನ ಗೋಡೆಯನ್ನು ಅದುಮಿ ತೂತು ಮಾಡುತ್ತವೆ. ಇನ್ನು ರಬ್ಬರಿನ ಬಲೂನು. ಒಡೆದ ಚೂರು ಗಂಟಲಿಗೆ ಅಂಟಿಕೊಂಡರೆ ಉಸಿರು ನಿಲ್ಲುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಅಪಾಯವೆಂದು ಬಲೂನಿನ ಪೊಟ್ಟಣದ ಮೇಲೆ ಅಮೆರಿಕದಲ್ಲಿ ಅಚ್ಚು ಹಾಕಲೇಬೇಕು.

ದುಡ್ಡಿಲ್ಲದ ಸಂಗ್ರಹ

ಡಿಸ್ನಿ ಉದ್ಯಾನಗಳ ಗೋಡೆ, ಕಿಟಕಿ, ನೆಲಹಾಸುಗಳಲ್ಲಿ ಅದನ್ನು ಕಟ್ಟಿದವರು ಮಿಕ್ಕಿಯ ಆಕಾರವನ್ನು ಅಡಗಿಸಿಟ್ಟಿದ್ದಾರೆ. ಒಂದು ದೊಡ್ಡ ವೃತ್ತ, ಮೇಲೆ ಕಿವಿಗಳಂತೆ ಎರಡು ಸಣ್ಣ ವೃತ್ತ. ಇವನ್ನು ಹುಡುಕಿ, ಎಲ್ಲಿ ಕಂಡಿತೆಂದು ಪುಸ್ತಕದಲ್ಲಿ ಬರೆದು, ಚಿತ್ರ ಬಿಡಿಸುವುದೇ ಒಂದು ಸಂಗ್ರಹ. ಐದು ವರ್ಷದವರಿಂದ ಅಜ್ಜನವರೆಗೆ ಎಲ್ಲರೂ ಆಡಬಹುದು. ಸಾಲಿನಲ್ಲಿ ಕಾಯುವ ಹೊತ್ತೂ ಕಳೆಯುತ್ತದೆ.

ಉದ್ಯಾನದ ನಕ್ಷೆ, ದಿನಕ್ಕೊಂದು ಕಾರ್ಡು ಬರೆದು ತನ್ನದೇ ವಿಳಾಸಕ್ಕೆ ಅಂಚೆಗೆ ಹಾಕುವುದು, ದಿನವೂ ಅಜ್ಜಿಯ ಪಕ್ಕ ಅದೇ ಭಂಗಿಯಲ್ಲಿ ನಿಂತು ಒಂದು ಫೋಟೊ, ಇವೂ ಒಳ್ಳೆಯ ಸಂಗ್ರಹಗಳೇ. ಮೂರು ವರ್ಷದೊಳಗಿನ ಮಗುವಿಗಾಗಿ ಫೋಟೊ ಸಾಕು. ಅದಕ್ಕೆ ನೆನಪಿರುವುದಿಲ್ಲ. ನೆನಪು ಬೇಕಾದದ್ದು ನಮಗೆ.

ಒಂದು ವಸ್ತುವಿಗೆ ಒಂದು ಲೋಟ ನೀರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರ್ಲ್ಯಾಂಡೊದ ಹವೆ ನಮ್ಮ ಮಂಗಳೂರಿನ ಏಪ್ರಿಲ್, ಮೇ ತಿಂಗಳಿನಂತೆ. 32-33 ಡಿಗ್ರಿ ಸೆಲ್ಸಿಯಸ್ ಬಿಸಿಲು, ಮೈಯೆಲ್ಲ ಅಂಟುವ ಸೆಕೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ಅದರಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡೆಯುವುದು ಸಾಮಾನ್ಯ. ಇನ್ನೊಂದು ಪಿನ್ನು, ಇನ್ನೊಂದು ಸಹಿ ಎಂದು ಓಡುವ ಮಗುವಿಗೆ ಬಾಯಾರಿಕೆಯ ಅರಿವಿರುವುದಿಲ್ಲ.

ಇದಕ್ಕೆ ಸಂಗ್ರಹವನ್ನೇ ಉಪಾಯವಾಗಿ ಬಳಸಿ. ಒಂದು ವಸ್ತು ಸಿಕ್ಕಿದೊಡನೆ ಹತ್ತು ನಿಮಿಷ ನೆರಳಿನಲ್ಲಿ ಕೂತು, ಒಂದು ಲೋಟ ನೀರು ಕುಡಿದು, ಪುಸ್ತಕದಲ್ಲಿ ಬರೆದ ಮೇಲೆಯೇ ಮುಂದಿನದು ಎಂದು ನಿಯಮ ಮಾಡಿ. ಡಿಸ್ನಿ ಉದ್ಯಾನಗಳಲ್ಲಿ ತಂಪು ಪಾನೀಯ ಮಾರುವ ಊಟದ ಕಟ್ಟೆಗಳಲ್ಲಿ ಕೇಳಿದರೆ ಲೋಟದಲ್ಲಿ ತಣ್ಣೀರು ಪುಕ್ಕಟೆ ಕೊಡುತ್ತಾರೆ. ಮಗು ಆರು ಗಂಟೆಯಿಂದ ಮೂತ್ರ ಮಾಡಿಲ್ಲ, ತಲೆನೋವು, ವಾಕರಿಕೆ ಎನ್ನುತ್ತಿದೆ ಎಂದರೆ ತಂಪಾದ ಕೋಣೆಗೆ ಕರೆದೊಯ್ದು ಓಆರ್‌ಎಸ್ ಕುಡಿಸಿ. ಪ್ರತಿ ಉದ್ಯಾನದಲ್ಲೂ ಪ್ರಥಮ ಚಿಕಿತ್ಸಾ ಕೇಂದ್ರವಿದೆ. ಒಳಹೊಕ್ಕೊಡನೆ ಅದು ಎಲ್ಲಿದೆಯೆಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ನುಂಗಿಬಿಟ್ಟರೆ ಏನು ಮಾಡಬೇಕು?

* ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಅಳಲೂ ಆಗದೆ ಮುಖ ನೀಲಿಗಟ್ಟಿದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಪೆಟ್ಟು ಕೊಡಿ. ಆಗದಿದ್ದರೆ, ಒಂದು ವರ್ಷ ದಾಟಿದ ಮಗುವಾದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲೆ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಎದೆಯ ನಡುವೆ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇದನ್ನೇ ಮುಂದುವರಿಸಿ. ಇನ್ನೊಬ್ಬರು ಆಂಬುಲೆನ್ಸಿಗೆ ಫೋನು ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬೇಡಿ.

* ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ಎದೆನೋವು, ವಾಂತಿ ಇದ್ದರೆ ವಸ್ತು ಅನ್ನನಾಳದಲ್ಲಿ ನಿಂತಿರಬಹುದು. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಿ ಕೆಳಗೆ ತಳ್ಳುವ ಮನೆಮದ್ದು ಬೇಡ. ನೇರ ಆಸ್ಪತ್ರೆಗೆ ಹೋಗಿ ಎಕ್ಸ್-ರೇ ಮಾಡಿಸಿ.

* ಹೊಟ್ಟೆಗಿಳಿದ ನಾಣ್ಯ ಹೆಚ್ಚಿನ ಸಲ ಕೆಲವು ದಿನಗಳಲ್ಲಿ ಮಲದೊಡನೆ ತಾನಾಗಿ ಹೋಗುತ್ತದೆ. ಆದರೆ ಅದು ನಾಣ್ಯವೇ, ಬ್ಯಾಟರಿಯೇ ಎಂದು ಎಕ್ಸ್-ರೇ ಹೇಳಬೇಕೇ ಹೊರತು ನಾವು ಊಹಿಸಬಾರದು. ಬ್ಯಾಟರಿಯಾದರೆ ಅಂಚಿನಲ್ಲಿ ಜೋಡಿ ಉಂಗುರದಂತೆ ಕಾಣುತ್ತದೆ.

* ಬ್ಯಾಟರಿ ಎಂಬ ಅನುಮಾನವಿದ್ದರೆ ಒಂದು ನಿಮಿಷವೂ ತಡಮಾಡಬೇಡಿ. ನುಂಗಿ 12 ಗಂಟೆ ಮೀರಿಲ್ಲದಿದ್ದು, ಮಗುವಿಗೆ ಒಂದು ವರ್ಷ ತುಂಬಿ, ನುಂಗಲು ಆಗುತ್ತಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು. ಆರು ಸಲ ಮೀರಬಾರದು. ಇದು ಸುಡುವುದನ್ನು ತುಸು ತಗ್ಗಿಸುತ್ತದೆ. ಚಿಕಿತ್ಸೆಗೆ ಬದಲಲ್ಲ. ಜೇನು ಹುಡುಕುತ್ತ ಹೊತ್ತು ಕಳೆಯಬೇಡಿ.

* ಅಮೆರಿಕದಲ್ಲಿ ತುರ್ತಿಗೆ 911, ವಿಷ ಮಾಹಿತಿಗೆ 1-800-222-1222. ನಮ್ಮಲ್ಲಿ ಆಂಬುಲೆನ್ಸಿಗೆ 108.

ವಯಸ್ಸಿಗೆ ತಕ್ಕ ಆಯ್ಕೆ

* ಮೂರು ವರ್ಷದೊಳಗೆ: ಫೋಟೊ ಮಾತ್ರ.
* ಮೂರರಿಂದ ಐದು: ಸಹಿ ಪುಸ್ತಕ, ಉದ್ಯಾನದ ನಕ್ಷೆ.
* ಆರು, ಏಳು: ಅಡಗಿದ ಮಿಕ್ಕಿಯ ಹುಡುಕಾಟ, ಅಂಚೆ ಕಾರ್ಡು. ಮನೆಯಲ್ಲಿ ಚಿಕ್ಕ ಮಗುವಿಲ್ಲದಿದ್ದರೆ ಒತ್ತಿದ ಪೆನ್ನಿ.
* ಎಂಟು ವರ್ಷದ ಮೇಲೆ: ಇವೆಲ್ಲವೂ ಸರಿ. ಮನೆಯಲ್ಲಿ ಚಿಕ್ಕ ಮಗುವಿಲ್ಲದಿದ್ದರೆ ಪಿನ್ನುಗಳ ವಿನಿಮಯವೂ ಆಗಬಹುದು.

ಒಂದಕ್ಕಿಂತ ಹೆಚ್ಚು ಬಗೆಯದನ್ನು ಒಮ್ಮೆಗೇ ಆರಿಸಬೇಡಿ. ಎರಡು ಮುಂದಿಟ್ಟು, ಒಂದನ್ನು ಮಗುವೇ ಆಯ್ಕೆ ಮಾಡಿಕೊಳ್ಳಲಿ. ಒರ್ಲ್ಯಾಂಡೊಗೆ ಹೋಗದ ಮನೆಗಳಿಗೂ ಇದೇ ಮಾತು ಅನ್ವಯ. ಬಿಡದಿಯ ವಂಡರ್‌ಲಾ ಇರಲಿ, ಊರ ತೇರಿನ ಜಾತ್ರೆ ಇರಲಿ, ಮಿನುಗುವ ಬ್ಯಾಟರಿ ಎಲ್ಲಿಯೂ ಒಂದೇ.

ಆ ಏಳು ವರ್ಷದ ಹುಡುಗ ಕೆಲವು ತಿಂಗಳ ಬಳಿಕ ಕೆಮ್ಮಿಗೆಂದು ಬಂದಿದ್ದ. ಸಂಗ್ರಹ ಏನಾಯಿತಪ್ಪ ಎಂದೆ. ಒತ್ತಿದ ಪೆನ್ನಿಗಳನ್ನು ಅಪ್ಪ ಗಾಜಿನ ಚೌಕಟ್ಟು ಹಾಕಿಸಿ ಗೋಡೆಯ ಮೇಲೆ ತೂಗುಹಾಕಿದ್ದಾರಂತೆ. "ತಂಗಿ ದೊಡ್ಡೋಳಾದ್ಮೇಲೆ ಕೆಳಗಿಳಿಸಿ ತೋರಿಸ್ತೀನಿ" ಎಂದ. ಇಷ್ಟು ತಿಳಿವಳಿಕೆ ನಮಗೆ ಹೊರಡುವ ಮುಂಚೆಯೇ ಬಂದರೆ ಎಕ್ಸ್-ರೇ ಕೋಣೆಯ ಕೆಲಸ ಎಷ್ಟೋ ಕಡಿಮೆಯಾದೀತು.